ತಿಪ್ಪೆಯಲ್ಲಿ ಸಿಗುವ ಮೂಲದ್ರವ್ಯ

ಹದಿನಾರನೇ ಶತಮಾನದ ಯುರೋಪಿನ ರಸವಾದಿಗಳು ಒಂದು ವಸ್ತುವಿಗಾಗಿ ಹಗಲಿರುಳು ಕುಲುಮೆ ಊದಿದರು. ಲ್ಯಾಟಿನ್ನಿನಲ್ಲಿ ಅದರ ಹೆಸರು 'ಪ್ರಿಮಾ ಮಟೀರಿಯಾ'. ನಾವು ಮೂಲದ್ರವ್ಯ ಅನ್ನೋಣ. ಸೀಸ, ತವರ, ತಾಮ್ರ, ಬೆಳ್ಳಿ, ಚಿನ್ನ ಎಲ್ಲದರ ಅಡಿಯಲ್ಲೂ ಇರೋದು ಇದೊಂದೇ, ಮೇಲಿನ ರೂಪ ಮಾತ್ರ ಬೇರೆ ಎಂದು ಅವರು ನಂಬಿದ್ದರು. ಈ ವಿಚಾರದ ಬೇರು ಅರಿಸ್ಟಾಟಲನಲ್ಲಿದೆ. ಅವನಿಗೆ ಅದು ಬುದ್ಧಿಯಿಂದ ಹಿಡಿಯಬೇಕಾದ ತತ್ವ. ರಸವಾದಿಗೆ ಕೈಯಿಂದ ಹಿಡಿಯಬೇಕಾದ ಸರಕು. ಸೀಸವನ್ನು ಸುಟ್ಟು, ಕೊಳೆಸಿ, ಕಪ್ಪಾಗಿಸಿ ಅದರ ರೂಪ ಕಳಚಿದರೆ ಮೂಲದ್ರವ್ಯ ಉಳಿಯುತ್ತದೆ, ಆಮೇಲೆ ಅದಕ್ಕೆ ಚಿನ್ನದ ರೂಪ ತೊಡಿಸಬಹುದು ಅನ್ನೋದು ಅವನ ಲೆಕ್ಕ.

ಅದು ಸಿಗೋದಾದರೂ ಎಲ್ಲಿ? ಇಲ್ಲಿ ನಮ್ಮ ಕಿವಿ ನೆಟ್ಟಗಾಗುತ್ತದೆ. ಅದು ಎಲ್ಲ ಕಡೆ ಬಿದ್ದಿದೆ, ಬಡವನ ಹತ್ತಿರವೂ ಇದೆ, ಜನ ಅದನ್ನು ಬೀದಿಗೆಸೆದು ತುಳಿಯುತ್ತಾರೆ, ತಿಪ್ಪೆಯಲ್ಲೇ ಸಿಗುತ್ತದೆ ಎಂದು ಅವರ ಗ್ರಂಥಗಳು ಮತ್ತೆ ಮತ್ತೆ ಹೇಳಿದವು. ಕೆಲವರು ಇದನ್ನು ಒಗಟು ಅಂದುಕೊಂಡರು, ಕೆಲವರು ಅಕ್ಷರಶಃ ನಂಬಿ ಹೇಲು ಉಚ್ಚೆಗೆ ಕೈ ಹಾಕಿದರು. ಮುಂದೆ 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಚಿನ್ನದ ಆಸೆಗೆ ಮೂತ್ರವನ್ನು ಕುದಿಸಿ ಕುದಿಸಿ ಇಂಗಿಸಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ಹೊಳೆಯುವ ರಂಜಕ ಸಿಕ್ಕಿತು. ಅವನ ಹೆಸರು ಇವತ್ತೂ ವಿಜ್ಞಾನದ ಪುಸ್ತಕದಲ್ಲಿದೆ. ಅದೇ ಹೊಲಸನ್ನು ತಲೆತಲಾಂತರ ತಲೆಯ ಮೇಲೆ ಹೊತ್ತವರ ಹೆಸರು ಯಾವ ಪುಸ್ತಕದಲ್ಲಿದೆ?

ಕೀಳೆಂದು ಎಸೆದದ್ದೇ ಎಲ್ಲಕ್ಕೂ ಮೂಲ! ಕೇಳೋಕೆ ಎಷ್ಟು ಸೊಗಸು. ಆದರೆ ನಾವು ಅವಸರಪಟ್ಟು ಚಪ್ಪಾಳೆ ತಟ್ಟಬಾರದು. ಎಲ್ಲವೂ ಒಂದೇ ಅಂದ ಅದೇ ರಸವಾದಿ ಲೋಹಗಳಿಗೆ ಜಾತಿ ಕಟ್ಟಿದ್ದ. ಚಿನ್ನ ಕುಲೀನ, ಸೀಸ ಹೀನ. ಸೀಸ ಅಂದರೆ ಮಾಗದ ಚಿನ್ನ, ರೋಗ ಹಿಡಿದ ಚಿನ್ನ. ಅದಕ್ಕೆ ಮರ್ಯಾದೆ ಬೇಕಾದರೆ ಅದು ಸೀಸವಾಗಿ ಸಾಯಬೇಕು. ಅಡಿಯಲ್ಲಿ ಸಮಾನತೆ, ಮೇಲೆ ಏಣಿ. ಮೂಲದ್ರವ್ಯ ಒಂದೇ ಅನ್ನೋ ಮಾತು ಆ ಏಣಿಯ ಒಂದು ಮೆಟ್ಟಿಲನ್ನೂ ಮುರಿಯಲಿಲ್ಲ.

ಮಾತು ಬರೀ ಲೋಹದ್ದಲ್ಲ. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಮೆಮ್ಮಿಂಗೆನ್ ಊರಿನಲ್ಲಿ ಹನ್ನೆರಡು ಬೇಡಿಕೆ ಬರೆದರು. ಕ್ರಿಸ್ತನ ರಕ್ತ ಕುರಿ ಕಾಯುವವನಿಗೂ ದೊರೆಗೂ ಒಂದೇ ಸಮ ಹರಿದಿದೆ, ಹಾಗಿದ್ದ ಮೇಲೆ ನಾವು ಜೀತದಾಳುಗಳು ಹೇಗಾದೆವು ಎಂದು ಕೇಳಿದರು. ಮಾರ್ಟಿನ್ ಲೂಥರ್ ಕೊಟ್ಟ ಉತ್ತರ ಏನು? ಆ ಸ್ವಾತಂತ್ರ್ಯ ಆತ್ಮದ್ದು, ಮೈಯದ್ದಲ್ಲ ಅಂತ. ಆಮೇಲೆ ದಂಗೆಕೋರರನ್ನು ಕೊಲ್ಲಿ ಎಂದೂ ಬರೆದ. ನಮ್ಮಲ್ಲಿ ಎಲ್ಲವೂ ಬ್ರಹ್ಮ ಅಂದವರು ಕೆರೆಯ ನೀರು ಮುಟ್ಟಗೊಡದ ಕತೆ ಓದುಗರಿಗೆ ಹೊಸದಲ್ಲ. ಬ್ರಹ್ಮ ಧರ್ಮವಾಗದಿದ್ದರೆ ಆ ಬ್ರಹ್ಮದಿಂದ ಏನು ಉಪಯೋಗ ಎಂದು ಬಾಬಾಸಾಹೇಬರು ಕೇಳಿದ್ದು ಇದನ್ನೇ.

ಹಾಗಾದರೆ ಮೂಲದ್ರವ್ಯದ ವಿಚಾರವನ್ನೇ ತಿಪ್ಪೆಗೆ ಎಸೆಯೋಣವೇ? ಬೇಡ. ಆ ಕಾಲದಲ್ಲೇ ಪ್ಯಾರಾಸೆಲ್ಸಸ್ ಎಂಬ ವೈದ್ಯನಿದ್ದ (1493–1541). 1527ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಬಿಟ್ಟು ಜನರ ಜರ್ಮನ್‌ನಲ್ಲಿ ಪಾಠ ಹೇಳಿದ, ಹಳೆಯ ವೈದ್ಯಗ್ರಂಥವನ್ನು ಹಬ್ಬದ ಬೆಂಕಿಗೆ ಹಾಕಿದ. ಮರುವರ್ಷ ಊರು ಬಿಡಬೇಕಾಯಿತು, ಬಿಡಿ. ಗಣಿಯಾಳುಗಳ ಕಾಯಿಲೆ ಬಗ್ಗೆ ಅವನು ಬರೆದ ಪುಸ್ತಕ, ಅವನು ಸತ್ತ ಮೇಲೆ, 1567ರಲ್ಲಿ ಅಚ್ಚಾಯಿತು. ಆ ಗಣಿಗಳ ಗತಿ ಏನೆಂದು ತಿಳಿಯಲು 1556ರಲ್ಲಿ ಬಂದ ಅಗ್ರಿಕೋಲನ ಗ್ರಂಥ ನೋಡಬೇಕು. ಕಾರ್ಪೇಥಿಯನ್ ಬೆಟ್ಟದ ಗಣಿಗಳಲ್ಲಿ ಏಳು ಸಲ ಮದುವೆಯಾದ ಹೆಂಗಸರಿದ್ದರಂತೆ. ಏಳೂ ಗಂಡಂದಿರನ್ನು ಧೂಳಿನ ಕ್ಷಯ ತಿಂದಿತ್ತು. ಕುಲುಮೆಯ ಮುಂದೆ ತತ್ವ ಹೇಳಿದವನಿಗೆ ಅದಿರು ಬಂದದ್ದು ಈ ಎದೆಗೂಡುಗಳಿಂದ.

ಪ್ಯಾರಾಸೆಲ್ಸಸ್ ಮೂಲದ್ರವ್ಯಕ್ಕೆ ಬೇರೆಯೇ ಅರ್ಥ ಕೊಟ್ಟ. ರಸವಾದದ ಗುರಿ ಚಿನ್ನವಲ್ಲ, ಔಷಧಿ ಅಂದ. ಪ್ರಕೃತಿ ಯಾವುದನ್ನೂ ಪೂರ್ತಿ ಮಾಡಿ ಕೊಡೋದಿಲ್ಲ, ಮೊದಲ ದ್ರವ್ಯವನ್ನು ಕೊನೆಯ ದ್ರವ್ಯಕ್ಕೆ ಮುಟ್ಟಿಸೋನು ಮನುಷ್ಯ, ಹಾಗೆ ಮುಟ್ಟಿಸೋನೇ ರಸವಾದಿ ಅಂದ. ರೊಟ್ಟಿ ಸುಡೋನು, ದ್ರಾಕ್ಷಾರಸ ಮಾಡೋನು, ಬಟ್ಟೆ ನೇಯೋನು ಅವನ ಪಟ್ಟಿಯಲ್ಲಿದ್ದರು. ಇಲ್ಲಿ ಏಣಿ ಅಲುಗುತ್ತದೆ. ಹಿಟ್ಟು ರೊಟ್ಟಿಯಾದರೆ ಹಿಟ್ಟಿಗೇನೂ ಅವಮಾನವಿಲ್ಲ. ಬೆಲೆ ಇರೋದು ಕೈಯ ಕೆಲಸಕ್ಕೆ.

ಆ ಪಟ್ಟಿಗೆ ನಾವು ಇನ್ನೊಬ್ಬನನ್ನು ಸೇರಿಸುತ್ತೇವೆ. ಸತ್ತ ದನ ಊರಿಗೆ ಹೊಲಸು. ಅದರ ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆಯ ಒಗರಲ್ಲಿ ದಿನಗಟ್ಟಲೆ ಅದ್ದಿ, ಕೊಳೆಯಬೇಕಾದ್ದನ್ನು ಕೊಳೆಯದಂತೆ ಮಾಡಿದವನು ಅವನು. ಬಾವಿಯ ಕಪಿಲೆಗೆ ಚೀಲವಾದದ್ದು, ಎತ್ತಿಗೆ ಮಿಣಿಯಾದದ್ದು, ಕಾಲಿಗೆ ಮೆಟ್ಟಾದದ್ದು ಆ ತೊಗಲೇ. ಅವನು ಹದ ಮಾಡಿದ ಕಪಿಲೆಯ ಚೀಲದಲ್ಲಿ ನೀರೆತ್ತಿ ಗದ್ದೆಗೆ ಹಾಯಿಸಿದವರು, ಅವನು ಅದೇ ಬಾವಿಗೆ ಕೊಡ ಇಳಿಸಿದಾಗ ನೀರು ಮೈಲಿಗೆಯಾಯಿತು ಅಂದರು.