‘ನಾಳೆ’ ಎಂಬ ಸಭ್ಯ ಸುಳ್ಳು

ಪ್ರವಾಸದಿಂದ ಮರಳಿದವರು ಎರಡು ಬಗೆಯ ಕಥೆ ಹೇಳುತ್ತಾರೆ. ಒಂದು ಕಂಡ ಚೆಲುವಿನದು, ಇನ್ನೊಂದು ಪಟ್ಟ ಕಿರಿಕಿರಿಯದು. ಎರಡನೆಯದನ್ನು ಹೇಳುವಾಗ ದನಿಗೆ ಹೆಚ್ಚು ಹುರುಪು ಬರುವುದುಂಟು. ದುಡ್ಡು ಕೊಟ್ಟು ಹೋಗಿದ್ದೇವೆ, ನೆಮ್ಮದಿ ನಮ್ಮ ಹಕ್ಕು ಎಂಬ ಭಾವನೆ ಅದರ ಹಿಂದಿರುತ್ತದೆ. ಈ ಹಕ್ಕು ನಿಜಕ್ಕೂ ನಮಗಿದೆಯೇ? ಇಂಡೋನೇಷ್ಯಾದ ಬಾಲಿ ದ್ವೀಪದ ಕುಟಾ ಕಡಲ ತೀರದಲ್ಲಿ ಕಳೆದ ಮೂರು ದಿನಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವು.

ನಾವಿಬ್ಬರು ಅಲ್ಲಿಗೆ ಹೋದದ್ದು ಜನವರಿಯಲ್ಲಿ. ನಮಗೆ ಚಳಿಗಾಲವಾದರೆ ಅವರಿಗೆ ಮಳೆಗಾಲ. ಚಿತ್ರಗಳಲ್ಲಿ ಕಂಡಿದ್ದ ಮರಳನ್ನು ಹುಡುಕಿಕೊಂಡು ಬೆಳಿಗ್ಗೆ ತೀರಕ್ಕೆ ಹೋದರೆ ಕಂಡದ್ದು ಕಸದ ದಂಡೆ. ಬಿದಿರಿನ ತುಂಡು, ಮರದ ದಿಮ್ಮಿ, ನೀರಿನ ಬಾಟಲಿ, ಶಾಂಪೂ ಪೊಟ್ಟಣ, ಜೋಡಿ ಕಳೆದುಕೊಂಡ ಚಪ್ಪಲಿ. ಮರಳನ್ನು ಬಗೆಯುವ ಯಂತ್ರಗಳು, ಕಸ ತುಂಬುವ ಲಾರಿಗಳು, ಪೊರಕೆ ಹಿಡಿದ ಕೆಲಸಗಾರರು ಆಗಲೇ ದುಡಿಯುತ್ತಿದ್ದರು. ಪ್ರತಿವರ್ಷ ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದ ಗಾಳಿಯೂ ಕಡಲಿನ ಸೆಳೆತವೂ ಸೇರಿ ಕಸವನ್ನು ಈ ದಡಕ್ಕೆ ತಂದು ಸುರಿಯುತ್ತವೆ. ‘ಕಸದ ಋತು’ ಎಂದೇ ಅಲ್ಲಿಯವರು ಅದನ್ನು ಕರೆಯುತ್ತಾರೆ. 2017ರ ಕೊನೆಯಲ್ಲಿ ಸುಮಾರು 6 ಕಿಲೋಮೀಟರ್ ತೀರಕ್ಕೆ ‘ಕಸದ ತುರ್ತುಸ್ಥಿತಿ’ಯನ್ನೇ ಘೋಷಿಸಬೇಕಾಗಿ ಬಂದಿತ್ತು.

ಕಸದ ನಡುವೆ ಒಂದಿಷ್ಟು ಚೊಕ್ಕ ಜಾಗ ಹುಡುಕಿ ಕುಳಿತೆವು. ಐದು ನಿಮಿಷವಾಗಿರಲಿಲ್ಲ, ಮಾರಾಟಗಾರರು ಬಂದರು. ಕಡಗ, ತಂಪು ಕನ್ನಡಕ, ಗಾಳಿಪಟ, ಮಾಲೀಸು, ಜಡೆ ಹೆಣೆಯುವುದು, ಟ್ಯಾಕ್ಸಿ. “ಇಂಡಿಯಾ? ಶಾರುಖ್ ಖಾನ್!” ಎಂಬ ಉದ್ಗಾರ ಬೇರೆ. ಮೊದಲನೆಯವನಿಗೆ ನಕ್ಕೆವು, ಐದನೆಯವನಿಗೆ ತಲೆಯಾಡಿಸಿದೆವು, ಹತ್ತನೆಯವನಿಗೆ ಮುಖ ತಿರುಗಿಸಿದೆವು. ಆಮೇಲೆ ಬಂದವರು ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ನಡುವಯಸ್ಸಿನ ಹೆಂಗಸು. ಆಗುಂಗ್ ಬೆಟ್ಟದ ತಪ್ಪಲಿನ ಹಳ್ಳಿಯಿಂದ ಬಂದವರಂತೆ. ಕೇಳದಿದ್ದರೂ ಎರಡು ಸರೋಂಗ್ ಬಿಡಿಸಿ ನಮ್ಮ ಮಡಿಲ ಮೇಲೆ ಹರಡಿದರು. ಬೇಡವೆಂದರೆ ಬೆಲೆ ಇಳಿಸಿದರು, ಮತ್ತೆ ಬೇಡವೆಂದರೆ ಮತ್ತೆ ಇಳಿಸಿದರು. ಬೇಸತ್ತು “ನಾಳೆ ಕೊಳ್ಳುತ್ತೇವೆ” ಎಂದುಬಿಟ್ಟೆವು. ಅವರು ಬಟ್ಟೆ ಮಡಚಿಕೊಂಡು ನಗುತ್ತಾ ಹೋದರು. ಉಪಾಯ ಫಲಿಸಿತೆಂದು ನಮಗೆ ಸಮಾಧಾನ.

ಮರುದಿನ ಅರ್ಧ ಮೈಲಿ ಆಚೆ ಕುಳಿತಿದ್ದರೂ ಅವರು ನಮ್ಮನ್ನು ಹುಡುಕಿಕೊಂಡು ಬಂದರು. “ನೀವು ನಾಳೆ ಅಂದಿರಿ, ಇವತ್ತು ನಾಳೆ” ಎಂದರು ಹರಕು ಮುರುಕು ಇಂಗ್ಲಿಷಿನಲ್ಲಿ. ನಮಗೆ ರೇಗಿತು. “ನಾವು ಹಾಗೆ ಹೇಳಿಯೇ ಇಲ್ಲ” ಎಂದೆವು. ಅವರು ಒಂದು ಕ್ಷಣ ನಮ್ಮ ಮುಖವನ್ನೇ ನೋಡಿದರು. ವಾದಿಸಲಿಲ್ಲ. ಗಂಟು ಹೊತ್ತು ಮರದ ನೆರಳಿನತ್ತ ನಡೆದರು. ನಮಗೆ ಬೇಕಾಗಿದ್ದ ಏಕಾಂತ ಸಿಕ್ಕಿತು, ಆದರೆ ಅದರಲ್ಲಿ ಸುಖವಿರಲಿಲ್ಲ.

ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಯೋಚನೆ ಬೇಕೇ ಎಂದು ಓದುಗರು ಕೇಳಬಹುದು. ನಾವೂ ಹಾಗೆಯೇ ಕೇಳಿಕೊಂಡೆವು. ಪೀಡಿಸುವವರನ್ನು ಸಾಗಹಾಕಲು ಒಂದು ಮಾತು ಹೇಳಿದರೆ ಅದು ವಾಗ್ದಾನವಾಗುತ್ತದೆಯೇ? ಅಷ್ಟಕ್ಕೂ, ಕೇಳದೆ ಮಡಿಲಲ್ಲಿ ಬಟ್ಟೆ ಹಾಕಿದವರು ಅವರಲ್ಲವೇ? ಹೌದು, ಅದು ತಪ್ಪೇ. ಬಡವರ ಒತ್ತಾಯವೂ ಒತ್ತಾಯವೇ. ಬಡತನವೊಂದೇ ಅದನ್ನು ಸರಿಯೆನಿಸುವುದಿಲ್ಲ. ‘ಬೇಡ’ ಎನ್ನುವ ಹಕ್ಕು ನಮಗೆ ಖಂಡಿತ ಇತ್ತು. ಆದರೆ ನಾವು ಆ ಹಕ್ಕನ್ನು ಬಳಸಲಿಲ್ಲ. ನಿಷ್ಠುರರಾಗಿ ಕಾಣಬಾರದೆಂದು ‘ನಾಳೆ’ ಎಂದೆವು. ನಮ್ಮ ಸಭ್ಯತೆಯ ವೆಚ್ಚವನ್ನು ಅವರು ಭರಿಸಿದರು. ಸುಡುವ ಮರಳಿನಲ್ಲಿ ಅರ್ಧ ಮೈಲಿ ನಡೆದು ಬಂದದ್ದು ಆ ಮಾತನ್ನು ನಂಬಿ. ಆಮೇಲೆ ನಾವು ಹೇಳಿದ್ದು ಎರಡನೆಯ ಸುಳ್ಳು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ಅವರನ್ನೇ ಸುಳ್ಳುಗಾರರನ್ನಾಗಿ ಮಾಡಿತು.

ಆ ಹೆಂಗಸು ಅಷ್ಟು ಹಟ ಹಿಡಿಯಲು ಕಾರಣವೇನೆಂದು ಯೋಚಿಸಿದರೆ ದ್ವೀಪದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಬಾಲಿಯ ಜನಸಂಖ್ಯೆ ಸುಮಾರು 43 ಲಕ್ಷ. 2019ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರು 62 ಲಕ್ಷಕ್ಕೂ ಹೆಚ್ಚು. ಕೋವಿಡ್ ಕಾಲದ 2021ರಲ್ಲಿ ಇಡೀ ವರ್ಷಕ್ಕೆ ನೂರು ಜನವೂ ಬರಲಿಲ್ಲ. 2024ರಲ್ಲಿ ಮತ್ತೆ 63 ಲಕ್ಷ ದಾಟಿತು. ಅದಕ್ಕೂ ಮೊದಲು, 2002ರ ಅಕ್ಟೋಬರಿನಲ್ಲಿ ಇದೇ ಕುಟಾದಲ್ಲಿ ಬಾಂಬ್ ಸಿಡಿದು 202 ಜನ ಸತ್ತಾಗ, 2005ರಲ್ಲಿ ಮತ್ತೆ ಸ್ಫೋಟವಾದಾಗ, ತೀರ ಬರಿದಾಗಿತ್ತು. ಯಾರೋ ಎಲ್ಲಿಯೋ ಮಾಡಿದ ಕೃತ್ಯಕ್ಕೆ, ಎಲ್ಲಿಂದಲೋ ಬಂದ ರೋಗಕ್ಕೆ, ಗಂಟು ಹೊತ್ತವರ ಒಲೆ ಆರಿತ್ತು. ಗಿರಾಕಿ ಎಂಬುದು ನಾಳೆಯೂ ಇರುತ್ತದೆಂದು ನಂಬಲಾಗದ ಜಾಗದಲ್ಲಿ ಎದುರಿಗಿರುವ ಗಿರಾಕಿಯನ್ನು ಸುಲಭವಾಗಿ ಬಿಟ್ಟುಕೊಡಲು ಯಾರಿಗೆ ತಾನೇ ಮನಸ್ಸಾದೀತು? ನಮಗೆ ‘ನಾಳೆ’ ಒಂದು ನೆಪ. ಅವರಿಗೆ ಅದೊಂದು ಆಸರೆ.

ಇನ್ನು ಕಸದ ವಿಷಯ. ಎಲ್ಲವೂ ಪ್ರವಾಸಿಗರಿಂದಲೇ ಎಂದರೆ ಅದೂ ಸುಳ್ಳಾದೀತು. ಪ್ರವಾಸಿಗರೇ ಇಲ್ಲದಿದ್ದ 2021ರ ಜನವರಿಯಲ್ಲೂ ಕುಟಾದ ದಡದಿಂದ ಟನ್ನುಗಟ್ಟಲೆ ಕಸ ಎತ್ತಿದ್ದರು. ಮೇಲಿನ ಊರುಗಳಲ್ಲಿ ಹೊಳೆಗೆ ಎಸೆದದ್ದು ಮಳೆ ಬಂದಾಗ ಕಡಲಿಗಿಳಿಯುತ್ತದೆ. ಪಕ್ಕದ ಜಾವಾದ ಕಡೆಯಿಂದಲೂ ಬರುತ್ತದೆ. ಮೊದಲ ಮಳೆಗೆ ನಮ್ಮ ಹೊಳೆಗಳು ಹೊತ್ತು ತರುವುದನ್ನು ಉಳ್ಳಾಲದಲ್ಲೋ ಪಣಂಬೂರಿನಲ್ಲೋ ನೋಡಿದವರಿಗೆ ಇದು ಹೊಸದೇನಲ್ಲ. ಆದರೆ ನಮ್ಮ ಕೋಣೆಯ ಮೂಲೆಯಲ್ಲಿ ಮೂರು ದಿನಕ್ಕೆ ಹದಿನೆಂಟು ಖಾಲಿ ಬಾಟಲಿಗಳು ಸೇರಿದ್ದವು. ನಲ್ಲಿಯ ನೀರು ಕುಡಿಯುವಂತಿರಲಿಲ್ಲ. ದೊಡ್ಡ ಕ್ಯಾನ್ ತರಿಸಿ ತುಂಬಿಸಿಕೊಳ್ಳುವ ತಾಳ್ಮೆ ನಮಗಿರಲಿಲ್ಲ.

ಅಲ್ಲಿಯ ಜನ ಸುಮ್ಮನೆ ಕುಳಿತಿಲ್ಲ. 2013ರಲ್ಲಿ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ ಎಂಬ ಶಾಲಾ ಬಾಲಕಿಯರು ಪ್ಲಾಸ್ಟಿಕ್ ಚೀಲದ ವಿರುದ್ಧ ಚಳವಳಿ ಹೂಡಿದರು. 2019ರಲ್ಲಿ ಚೀಲ, ಸ್ಟ್ರಾ, ಥರ್ಮೋಕೋಲ್ ನಿಷೇಧ ಜಾರಿಗೆ ಬಂತು. 2025ರಲ್ಲಿ ಒಂದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿಯ ನೀರಿಗೆ ತಡೆ ಹಾಕುವ ಸುತ್ತೋಲೆಯನ್ನು ಗವರ್ನರ್ ಹೊರಡಿಸಿದರು. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯೂ ಒಂದೂವರೆ ಲಕ್ಷ ರುಪಿಯಾ, ಅಂದರೆ ನಮ್ಮ ಸುಮಾರು ಎಂಟುನೂರು ರೂಪಾಯಿ, ಶುಲ್ಕ ಕಟ್ಟಬೇಕು. ನಾವೂ ಕಟ್ಟಿದ್ದೆವು. ದಡದ ಕಸ ಕಂಡು ಸಿಡುಕಿದಾಗ ಮನಸ್ಸಿನಲ್ಲಿದ್ದದ್ದು ಆ ಎಂಟುನೂರು ರೂಪಾಯಿಯೇ. ದುಡ್ಡು ಕಟ್ಟಿದ ಮೇಲೆ ಬಾಟಲಿಯ ಋಣ ಹರಿಯಿತೆಂಬ ಲೆಕ್ಕ.

ಹೊರಡುವ ದಿನ ಬೆಳಿಗ್ಗೆ ಆ ಹೆಂಗಸನ್ನು ಹುಡುಕಿದೆವು. ಮರದ ನೆರಳಿನಲ್ಲಿ ಅವರಿರಲಿಲ್ಲ. ಮಳೆ ಹನಿಯುತ್ತಿತ್ತು. ಅಲ್ಲಿದ್ದ ಇನ್ನೊಬ್ಬಾಕೆಯಿಂದ ಚೌಕಾಸಿ ಮಾಡದೆ ಒಂದು ಸರೋಂಗ್ ಕೊಂಡೆವು. ಅವರು ನೋಟುಗಳನ್ನು ಉಳಿದ ಬಟ್ಟೆಗಳಿಗೆಲ್ಲ ಮುಟ್ಟಿಸಿದರು. ನಮ್ಮ ಸಂತೆಯ ಬೋಣಿಯೇ! ಕಡಲಾಚೆಯೂ ಅದೇ ನಂಬಿಕೆ, ಅದೇ ಆಸೆ. ಅದನ್ನು ಕಂಡು ಹಿಗ್ಗಾಯಿತು. ಆದರೆ ಮನಸ್ಸು ಹಗುರಾಗಲಿಲ್ಲ. ಒಬ್ಬರಿಗೆ ಕೊಡಬೇಕಾದದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾದೀತು, ಸಾಲ ತೀರಿದಂತಾಗದು. ಶುಲ್ಕ ಕಟ್ಟಿದರೆ ಖಜಾನೆ ತುಂಬೀತು, ಎಸೆದ ಬಾಟಲಿ ಕಡಲಿನಿಂದ ಎದ್ದು ಬಾರದು.

ಅತಿಥಿಗೆ ಹಕ್ಕುಗಳಿವೆ ನಿಜ. ಮೋಸ ಹೋಗದಿರುವ, ಪೀಡೆಯಿಲ್ಲದೆ ಕೂರುವ ಹಕ್ಕು ಅವನಿಗಿದೆ. ಆದರೆ ಆ ಹಕ್ಕನ್ನು ಕೇಳುವ ಮೊದಲು ಎರಡು ಸಣ್ಣ ಕೆಲಸ ಮಾಡಬಹುದು. ಬೇಡವಾದರೆ ನಗುಮುಖದಿಂದ ‘ಬೇಡ’ ಎನ್ನುವುದು, ಮನೆಯಿಂದಲೇ ಒಂದು ನೀರಿನ ಬಾಟಲಿ ಒಯ್ಯುವುದು. ಇಷ್ಟರಿಂದ ಕುಟಾದ ತೀರ ಚೊಕ್ಕವಾಗದು, ಯಾರ ಬಡತನವೂ ನೀಗದು. ‘ಹಾಗೆ ಹೇಳಿಯೇ ಇಲ್ಲ’ ಎಂದು ಒಬ್ಬರ ಮುಖ ನೋಡಿ ಹೇಳುವ ಸ್ಥಿತಿ ಮಾತ್ರ ನಮಗೆ ಬಾರದಿರಬಹುದು.