ಸ್ಪೀಕರ್ ಹೋಗಿದೆ ಎನ್ನುವ ಮುನ್ನ

ಲಕ್ಕವಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ಗೋಡೆ, ಬಟ್ಟೆ, ಬೆಂಕಿಪೊಟ್ಟಣ ಎಲ್ಲಕ್ಕೂ ತಂಡಿ ಏರುತ್ತದೆ. ಒಂದು ಕಡೆ ಭದ್ರಾ ಜಲಾಶಯದ ಹಿನ್ನೀರು, ಇನ್ನೊಂದು ಕಡೆ ಕಾಡು. ಎಂಬತ್ತು, ತೊಂಬತ್ತರ ದಶಕದಲ್ಲಿ ಆಸೆಪಟ್ಟು ಕೊಂಡ ಸ್ಟೀರಿಯೊ ಸೆಟ್ಟಿನ ಸ್ಪೀಕರ್ ಬಾಕ್ಸುಗಳೂ ಇದೇ ತಂಡಿಯಲ್ಲಿ ವರ್ಷಗಳನ್ನು ಕಳೆಯುತ್ತವೆ. ಒಂದು ದಿನ ಹಾಡು ಒಡೆಯುತ್ತದೆ. ‘ಸ್ಪೀಕರ್ ಹೋಗಿದೆ’ ಎಂಬ ತೀರ್ಪಿನೊಂದಿಗೆ ಬಾಕ್ಸು ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಯಸ್ಕಾಂತ, ಲೋಹದ ಚೌಕಟ್ಟು, ಮರದ ಬಾಕ್ಸು ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಹೆಚ್ಚಾಗಿ ಕೆಟ್ಟಿರುವುದು ಕೋನಿನ ಅಂಚಿನ ಬೆರಳಗಲದ ಫೋಮಿನ ಸುತ್ತು, ಇಲ್ಲವೇ ಒಂದೇ ಒಂದು ಕಂಡೆನ್ಸರ್.

ಬಲಗಡೆ ಬಾಕ್ಸಿನಲ್ಲಿ ದನಿ ಒಡೆಯುತ್ತಿದೆ ಎಂದುಕೊಳ್ಳಿ. ಸ್ಕ್ರೂಡ್ರೈವರಿಗೆ ಕೈಹಾಕಬೇಡಿ. ಸೆಟ್ ಆಫ್ ಮಾಡಿ, ಆಂಪ್ಲಿಫೈಯರಿನ ಹಿಂದಿರುವ ಎಡ ಬಲ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ. ಒಡಕು ಎಡಗಡೆಗೆ ಹೋದರೆ ಬಾಕ್ಸು ನಿರಪರಾಧಿ, ತೊಂದರೆ ಆಂಪ್ಲಿಫೈಯರಿನಲ್ಲೋ ಡೆಕ್ಕಿನಲ್ಲೋ ಇದೆ. ಬಲಗಡೆಯೇ ಉಳಿದರೆ ಬಾಕ್ಸನ್ನು ಬಿಚ್ಚಬಹುದು. ಇಷ್ಟು ಮಾಡದೆ ಹೊಸ ವೂಫರ್ (ಬಾಕ್ಸಿನ ದೊಡ್ಡ ಸ್ಪೀಕರ್) ತಂದು ಕೂರಿಸಿ, ಅದೂ ಗರಗರ ಎಂದಾಗ ತಲೆಮೇಲೆ ಕೈಹೊತ್ತವರು ಎಷ್ಟೋ ಜನ. ಬಾಕ್ಸಿನ ತಪ್ಪಲ್ಲವೆಂದಾದ ಮೇಲೆ, ಸೆಟ್ಟಿನ ರೇಡಿಯೊದಲ್ಲಿ ಭದ್ರಾವತಿ ಆಕಾಶವಾಣಿ ಸ್ವಚ್ಛವಾಗಿ ಕೇಳಿಸಿ, ಕ್ಯಾಸೆಟ್ ಮಾತ್ರ ಮಂಕಾಗಿದ್ದರೆ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಕಾಗಬಹುದು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಆ ಕಂಟ್ರೋಲಿನೊಳಗಿನ ಧೂಳು, ಸವಕಳಿಯೇ ಕಾರಣ. ಆಂಪ್ಲಿಫೈಯರಿನ ಒಡಲನ್ನು ಮಾತ್ರ ಬಲ್ಲವರೇ ಬಿಚ್ಚಲಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕಂಡೆನ್ಸರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ದೋಷ ಬಾಕ್ಸಿನದೇ ಎಂದು ಖಚಿತವಾಯಿತು ಎನ್ನೋಣ. ಒಳಗಿನ ರಚನೆ ಸರಳ. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿ ತೋರಿಸಿದ ವಿಧಾನವನ್ನೇ ನಮ್ಮ ಮನೆಯ ಸ್ಪೀಕರುಗಳೂ ಅನುಸರಿಸುತ್ತವೆ. ಅಯಸ್ಕಾಂತದ ನಡುವಿನ ಕಿರಿದಾದ ಸಂದಿನಲ್ಲಿ ತಂತಿಯ ಕಾಯ್ಲ್, ಆ ಕಾಯ್ಲಿಗೆ ಅಂಟಿಕೊಂಡ ಕಾಗದದ ಕೋನ್. ಕಾಯ್ಲ್ ಎತ್ತಲೂ ತಾಗದೆ ನಟ್ಟನಡುವೆ ಮುಂದಕ್ಕೂ ಹಿಂದಕ್ಕೂ ಆಡಬೇಕು. ಅದನ್ನು ಹಾಗೆ ಹಿಡಿದಿಡುವುದು ಹೊರ ಅಂಚಿನ ಸುತ್ತು ಮತ್ತು ಒಳಗಿನ ಸುಕ್ಕುಬಟ್ಟೆ. ರಿಪೇರಿಯವರು ಈ ಸುಕ್ಕುಬಟ್ಟೆಯನ್ನು ಸ್ಪೈಡರ್ ಎನ್ನುತ್ತಾರೆ. ಹೊರ ಸುತ್ತು ಬಟ್ಟೆಯದೋ ರಬ್ಬರಿನದೋ ಆಗಿದ್ದರೆ ಬಹುಕಾಲ ಬಾಳುತ್ತದೆ. ಪಾಲಿಯುರೆಥೇನ್ ಫೋಮಿನದಾದರೆ ಗಾಳಿಯ ತೇವವೇ ಅದನ್ನು ಒಳಗಿಂದೊಳಗೆ ಮುರಿಯುತ್ತದೆ, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಜೋರಾಗಿ ಹಾಡು ಹಾಕದೆ ಜೋಪಾನ ಮಾಡಿದವರ ಮನೆಯಲ್ಲೂ ಹೀಗೇ ಆಗುತ್ತದೆ. ಆದ್ದರಿಂದ ಮಕ್ಕಳನ್ನು ಬಯ್ಯುವುದು ಬೇಡ.

ಮುಂದಿನ ಬಟ್ಟೆಯ ಜಾಲರಿ ತೆಗೆದು, ಕೋನಿನ ನಡುಭಾಗದ ಸುತ್ತ ಬೆರಳುಗಳನ್ನು ಸಮನಾಗಿಟ್ಟು ಮೆಲ್ಲಗೆ ಒತ್ತಿ ನೋಡಿ. ಸದ್ದಿಲ್ಲದೆ ಹೋಗಿ ಬಂದರೆ ಕಾಯ್ಲ್ ನೆಟ್ಟಗಿದೆ. ಕೆರೆದ ಸದ್ದು ಬಂದರೆ ಕಾಯ್ಲ್ ಸಂದಿಗೆ ಉಜ್ಜುತ್ತಿದೆ. ವೂಫರಿನ ವೈರು ಬಿಡಿಸಿ ಮಲ್ಟಿಮೀಟರ್ ಹಿಡಿದರೆ 8 ಓಮ್ ವೂಫರ್ ಸುಮಾರು 6 ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಕಾಯ್ಲ್ ಸುಟ್ಟಿರಬಹುದು. ಅಥವಾ ಕೋನಿಗೆ ಹೋಗುವ ಹೆಣೆದ ತಂತಿ ಆಡಿ ಆಡಿ ತುಂಡಾಗಿರಬಹುದು, ಅದಾದರೆ ಒಂದು ಬೆಸುಗೆಯ ಕೆಲಸ. ನಮ್ಮ ಕಡೆ ಇನ್ನೊಂದು ಕಾರಣವೂ ಇರುತ್ತದೆ. ಬಾಕ್ಸಿನ ಗಾಳಿರಂಧ್ರದೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಟಾರ್ಚ್ ಹಾಕಿ ನೋಡಬೇಕು.

ಒಡಕು ಕೇಳಿಸುತ್ತದೆ, ಆದ್ದರಿಂದ ಗೊತ್ತಾಗುತ್ತದೆ. ನನಗೆ ಹೆಚ್ಚು ಚಿಂತೆ ತರುವುದು ಸದ್ದಿಲ್ಲದೆ ಆಗುವ ನಷ್ಟ. ಬಾಕ್ಸಿನ ಚಿಕ್ಕ ಸ್ಪೀಕರಾದ ಟ್ವೀಟರಿಗೆ ಮೇಲುಸ್ಥಾಯಿಯ ದನಿಗಳನ್ನಷ್ಟೇ ಬಿಡುವ ಕಂಡೆನ್ಸರ್ ಒಳಗಿಂದ ಒಣಗುತ್ತ ಬರುತ್ತದೆ. ಟ್ವೀಟರ್ ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ, ಕಿವಿಯೂ ಅದಕ್ಕೇ ಒಗ್ಗಿಕೊಳ್ಳುತ್ತದೆ. ಇದನ್ನು ಹಿಡಿಯಲು ಬಾಯಿಪಾಠವಾದ ಹಾಡೇ ಬೇಕು. 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿ ಅನೇಕರ ಮನೆಯಲ್ಲಿದೆ. ಅದನ್ನು ಮೊದಲು ಒಳ್ಳೆಯ ಹೆಡ್‌ಫೋನಿನಲ್ಲಿ, ಬಳಿಕ ಒಂದೊಂದೇ ಬಾಕ್ಸಿನಲ್ಲಿ ಕೇಳಿ. ‘ಸ’ಕಾರ ‘ಶ’ಕಾರಗಳು ಬೇರೆಬೇರೆಯಾಗಿ ಕೇಳುತ್ತವೆಯೇ? ಇನ್ನು ಭಜನೆಯ ಹಾಡಾದರೆ, ತಾಳ ಹೊಡೆದ ಮೇಲೆ ಅದರ ಗುಂಗು ಉಳಿಯುತ್ತದೆಯೇ? ಮೃದಂಗದ ತೊಪ್ಪಿಯ ಪೆಟ್ಟು ಎದೆಗೆ ತಾಗುತ್ತದೆಯೇ? ತೊಪ್ಪಿ ಎರಡೂ ಬಾಕ್ಸುಗಳಲ್ಲಿ ಪ್ರತ್ಯೇಕವಾಗಿ ಚೆನ್ನಾಗಿದ್ದು, ಜೊತೆಯಾದಾಗ ಸೊರಗಿದರೆ ಒಂದು ಕಡೆ ಕೆಂಪು ಕಪ್ಪು ವೈರು ತಿರುಗುಮುರುಗಾಗಿದೆ ಎಂದೇ ತಿಳಿಯಿರಿ. ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದು, ತಗ್ಗು ದನಿಗಳು ಒಂದನ್ನೊಂದು ನುಂಗುತ್ತಿರುತ್ತವೆ.

ರಿಪೇರಿಗೆ ಕೊಡುವಾಗ ಒಂದು ಮಾತು ಹೇಳಿ ಕೊಡಿ. ಹಳೆಯ ಕೋನ್ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಂಡು ಸುತ್ತು ಮಾತ್ರ ಬದಲಿಸಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೋನು, ಕಾಯ್ಲು ಇಂಚಿನ ಲೆಕ್ಕದಲ್ಲಿ ಸಿಗುತ್ತವೆ. ಆದರೆ ಕಾಗದದ ದಪ್ಪ ಬೇರೆಯಾದರೆ ದನಿಯೂ ಬೇರೆಯೇ. ಸಣ್ಣ ಹರಕಿಗೆ ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್ ಸಾಕು. ಕಂಡೆನ್ಸರ್ ಹಾಕಿಸುವುದಾದರೆ ಎರಡೂ ಬಾಕ್ಸಿಗೆ ಒಟ್ಟಿಗೇ ಹಾಕಿಸಿ, ಬೆಲೆ ಹೆಚ್ಚಲ್ಲ. ಒಂದಕ್ಕೆ ಮಾತ್ರ ಹಾಕಿಸಿದರೆ ಗಾಯಕರ ದನಿ ಆ ಕಡೆಗೇ ವಾಲುತ್ತದೆ.

ಹೊಸ ಸುತ್ತು ಅಂಟಿಸುವಾಗ ನುರಿತವರು ಕಾಯ್ಲಿನ ಸಂದಿನಲ್ಲಿ ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿಗಳನ್ನು ಸಿಕ್ಕಿಸಿ ಕಾಯ್ಲನ್ನು ನಡುವಿಗೆ ನಿಲ್ಲಿಸುತ್ತಾರೆ. ಅಂಟು ಪೂರ್ತಿ ಒಣಗುವವರೆಗೆ ಆ ಪಟ್ಟಿ ತೆಗೆಯಕೂಡದು. ಬೇಸಿಗೆಯಲ್ಲಿ ಒಂದು ದಿನ ಸಾಕು, ಲಕ್ಕವಳ್ಳಿಯ ಜಡಿಮಳೆಯಲ್ಲಿ ಎರಡು ದಿನ ಬೇಕಾಗಬಹುದು. ಅವಸರಪಟ್ಟು ಹಾಡು ಹಾಕಿದರೆ ಕಾಯ್ಲ್ ಓರೆಯಾಗಿ ಮತ್ತೆ ಅದೇ ಗರಗರ ಶುರುವಾಗುತ್ತದೆ.