ಒಂದು ಸೀಟು, ಇಬ್ಬರು ಹುಡುಗರು

ಮಣಲಿಯಲ್ಲಿ ಸಂಜೆ ಆಡುವವರಿಗೆ ಎರಡು ಬೆಳಕು. ಒಂದು ಅಂಕಣದ ದೀಪ, ಇನ್ನೊಂದು ರಿಫೈನರಿಯ ಚಿಮಣಿ ತುದಿಯಲ್ಲಿ ಉರಿಯುವ ಬೆಂಕಿ. ಕೆಲಸಕ್ಕೆಂದು ಮೈಸೂರು ಬಿಟ್ಟು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನೆಂಬ ಒಂದೇ ಕಾರಣಕ್ಕೆ, ಪರಿಚಯದ ಕೋಚ್ ಒಬ್ಬರು ತಮ್ಮ ಕಾಲೇಜಿನ ಸ್ಪೋರ್ಟ್ಸ್ ಕೋಟಾ ಆಯ್ಕೆಗೆ ನನ್ನನ್ನೂ ಕರೆಯುತ್ತಾರೆ. ಹೋದ ವರ್ಷ ಕೊನೆಗೆ ಉಳಿದದ್ದು ಒಂದು ಸೀಟು, ಇಬ್ಬರು ಹುಡುಗರು.

ಮೊದಲನೆಯವನು ಕಂಟೇನರ್ ಲಾರಿ ಡ್ರೈವರ್ ಮಗ. ಆರಡಿ ನಾಲ್ಕಂಗುಲ. ನಿಂತಲ್ಲಿಂದ ನೆಗೆದರೆ ಹತ್ತಡಿ ಎತ್ತರದ ರಿಂಗ್ ಕೈಗೆ ಸಿಗುತ್ತಿತ್ತು. ಆದರೆ ಚೆಂಡು ಹಿಡಿದು ಎಂಟೇ ತಿಂಗಳು. ಎಡಗೈಯಲ್ಲಿ ಡ್ರಿಬಲ್ ಮಾಡು ಅಂದರೆ ಚೆಂಡು ಒಂದು ಕಡೆ, ಅವನೊಂದು ಕಡೆ. ಎರಡನೆಯವನು ಐದಡಿ ಎಂಟಂಗುಲ. ನಗರದ ದೊಡ್ಡ ಶಾಲೆಯಲ್ಲಿ ಎಂಟು ವರ್ಷ ಪಳಗಿದವನು. ಚೆಂಡನ್ನು ನೋಡದೆಯೇ ಆಡುತ್ತಿದ್ದ.

“ಆಟ ನಾನು ಕಲಿಸ್ತೀನಿ ಸಾರ್, ಎತ್ತರ ಕಲಿಸೋಕಾಗುತ್ತಾ?” ಅಂದರು ಕೋಚ್. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ನಮ್ಮ ಗಾದೆ ಅವರ ಪರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನನ್ನ ಪರ.

ಎತ್ತರ ಹುಟ್ಟಿನಿಂದ ಬಂದದ್ದು, ಕೌಶಲ ಬೆವರು ಸುರಿಸಿ ಗಳಿಸಿದ್ದು. ಹಾಗಾಗಿ ಕೌಶಲಕ್ಕೇ ಮಣೆ ಹಾಕುವುದು ನ್ಯಾಯ ಎಂದು ಬಹುಕಾಲ ನಂಬಿದ್ದೆ. ಕುಳ್ಳನಾದ ನನಗೆ ಅದು ಅನುಕೂಲದ ನಂಬಿಕೆಯೂ ಆಗಿತ್ತು. ಆದರೆ ಆ ಎಂಟು ವರ್ಷದ ಬೆವರಿನ ಹಿಂದೆ ಒಂದು ಒಳ್ಳೆಯ ಅಂಕಣ, ಒಬ್ಬ ಕೋಚ್, ಬೆಳಗಿನ ಜಾವ ಮಗನನ್ನು ಬಿಟ್ಟುಬರುವ ಅಪ್ಪನ ಸ್ಕೂಟರ್ ಇದ್ದವು. ಹುಟ್ಟಿನ ಪಾಲು ಎರಡರಲ್ಲೂ ಇದೆ.

ಹಾಗಾದರೆ ಎತ್ತರವೇ ಸಾಕೇ? ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಎರಡಂಗುಲ. 2015ರಲ್ಲಿ ಡಲ್ಲಾಸ್ ಮಾವರಿಕ್ಸ್ ಅವರನ್ನು 52ನೆಯವರಾಗಿ ಆರಿಸಿಕೊಂಡಾಗ ನಾವೆಲ್ಲ ಕುಣಿದಿದ್ದೆವು. ಅವರಿಗೆ ಒಂದೂ ಎನ್‌ಬಿಎ ಪಂದ್ಯ ಆಡಲು ಸಿಗಲಿಲ್ಲ. ನೈಜೀರಿಯಾದ ಹಕೀಮ್ ಒಲಾಜುವನ್ ಕೂಡ ಹ್ಯಾಂಡ್‌ಬಾಲ್, ಫುಟ್‌ಬಾಲ್ ಆಡಿಕೊಂಡು ತಡವಾಗಿ ಈ ಆಟಕ್ಕೆ ಬಂದವರು. 1980ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ಸೇರಿದಾಗ ಮೊದಲ ವರ್ಷ ಅವರನ್ನು ಪಂದ್ಯಕ್ಕೇ ಇಳಿಸಲಿಲ್ಲ. ಬೇಸಿಗೆಯಲ್ಲಿ ಮೋಸೆಸ್ ಮಲೋನ್‌ರಂಥ ವೃತ್ತಿಪರರ ಎದುರು ಆಡಿ ಕಲಿತರು. 1984ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಅವರದೇ. ಇಂದು ಜನ ನೆನೆಯುವುದು ಅವರ ಕಾಲ್ಚಳಕವನ್ನು.

ಆ ಮೊದಲ ವರ್ಷವೇ ನನ್ನನ್ನು ಕಾಡುವುದು. ಹಿಂದೊಮ್ಮೆ ಬೇರೊಂದು ಕಾಲೇಜಿಗೆ ಉದ್ದದ ಹುಡುಗನೊಬ್ಬನನ್ನು ನಾನೇ ಒತ್ತಾಯಿಸಿ ಸೇರಿಸಿದ್ದೆ. ಬಂದ ವಾರವೇ ಅವನನ್ನು ರಿಂಗ್ ಕೆಳಗೆ ಕೈ ಎತ್ತಿ ನಿಲ್ಲಿಸಿದರು. ತಂಡ ಗೆದ್ದಿತು. ಮೂರು ವರ್ಷ ಅವನಿಗೆ ಯಾರೂ ಬೇರೇನೂ ಕಲಿಸಲಿಲ್ಲ, ನಾನೂ ವಿಚಾರಿಸಲಿಲ್ಲ. ಐಸಿಎಫ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್‌ನಂಥ ತಂಡಗಳಿರುವ ಈ ಊರಲ್ಲಿ ಆಟವೆಂದರೆ ನೌಕರಿಯ ದಾರಿಯೂ ಹೌದು. ಮೊಣಕಾಲು ಕೆಟ್ಟು ಅವನ ನೆಗೆತ ಹೋದಾಗ ಕೈಯಲ್ಲಿ ತೋರಿಸಲು ಆಟವಿರಲಿಲ್ಲ. ಬಂದಾಗ ಇದ್ದದ್ದನ್ನು ನಾವು ಖರ್ಚು ಮಾಡಿ ಕಳಿಸಿದ್ದೆವು.

ಕೌಶಲವಂತನನ್ನು ಆರಿಸಿದರೆ ಅವನು ತಂದದ್ದಕ್ಕೆ ಬೆಲೆ ಕೊಟ್ಟಂತೆ. ಬರೀ ಮೈಕಟ್ಟು ನೋಡಿ ಆರಿಸಿದರೆ ಸಾಲ ಮಾಡಿದಂತೆ, ಕಲಿಸಿಯೇ ತೀರಿಸಬೇಕು. ತೀರಿಸುವ ಮನಸ್ಸಿಲ್ಲದವರು ಆ ಹುಡುಗನನ್ನು ಮುಟ್ಟಬಾರದು.

ಮೊದಲ ವರ್ಷ ಪಂದ್ಯಕ್ಕಿಳಿಸದೆ ಕಲಿಸುವುದಾದರೆ ಮಾತ್ರ ಲಾರಿ ಡ್ರೈವರ್ ಮಗನಿಗೆ ನನ್ನ ಸಹಿ ಅಂದೆ. ಕೋಚ್ ತುಸು ಯೋಚಿಸಿ ಒಪ್ಪಿದರು. ಗೇಟಿನ ಹತ್ತಿರ ಎರಡನೆಯವನ ತಂದೆ ಕಾದಿದ್ದರು. “ನಮ್ಮ ಹುಡುಗನ ತಪ್ಪೇನು ಸಾರ್?” ತಪ್ಪೇನೂ ಇಲ್ಲ ಅಂದೆ. ಅದು ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಶಿಫ್ಟ್ ಮುಗಿಸಿ ಅಂಕಣಕ್ಕೆ ಹೋಗುತ್ತೇನೆ. ಅವನ ಎಡಗೈ ಇನ್ನೂ ಮಾತು ಕೇಳುವುದಿಲ್ಲ. ಚೆಂಡು ತಪ್ಪಿ ಬೇಲಿಯವರೆಗೆ ಉರುಳುತ್ತದೆ. ಅವನು ಓಡಿಹೋಗಿ ತರುತ್ತಾನೆ, ನಾನು ನಿಂತಿರುತ್ತೇನೆ.